ಜಿರಲೆಗೆ ಹಾಕಿದ ರೊಟ್ಟಿ

ಜೆಬಿನಿಸೊಗೆ ಕೂತಲ್ಲಿ ಕೂರುವ ಅಭ್ಯಾಸ ಮೊದಲಿಂದಲೂ ಇರಲಿಲ್ಲ. ಆ ಚಳಿಗಾಲ ಮನೆಗೆ ಜಿರಲೆ ಬಂದ ಮೇಲಂತೂ ನಿಂತಲ್ಲಿ ನಿಲ್ಲುವುದೂ ಹೋಯಿತು. ಚಹಾ ಬಗ್ಗಿಸುತ್ತಿದ್ದವಳು ಪಿಂಗಾಣಿ ಕೆಟಲನ್ನು ಅಲ್ಲೇ ಇಟ್ಟು ಎದ್ದು ಹೋಗಿ, ಮೂಲೆಯ ಡಬ್ಬದ ಮುಚ್ಚಳ ಎತ್ತಿ ನೋಡುವಳು. ಬಂದು ಕೂರುವಳು. ಎರಡು ಗುಟುಕು ಒಳಗೆ ಹೋಗುವಷ್ಟರಲ್ಲಿ ಮತ್ತೆ ಏಳುವಳು.

"ಏನೇ, ಅದರೊಳಗೆ ಹಾಲು ಉಕ್ತಿದೆಯಾ?" ಅಂತ ಅತ್ತೆ ಸಬಾಹತ್ ಬುವಿ ಗೋಡೆಗೊರಗಿದಲ್ಲಿಂದಲೇ ಕೇಳುವರು. "ಬಸುರಿ ಹೊಟ್ಟೆಗೆ ದಿನಾ ಕಿವಿ ಇಟ್ರೆ ಕೂಸು ಬೇಗ ಬರುತ್ತೇನೇ? ಕೂತ್ಕೊ. ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ."

ಕೂರುವುದಕ್ಕೆ ಆಗದಂಥ ಮಾತೊಂದು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ತಾಷ್ಕೆಂಟಿನ ಚಿಲೊನ್ಜೋರ್ ಕಡೆಯಲ್ಲಿ ಸರ್ಕಾರದ್ದೊಂದು ಮಕ್ಕಳ ಕಲಾಮನೆ. ಹಾಡು, ಹೆಣಿಗೆ, ಚದುರಂಗ, ಎಲ್ಲದಕ್ಕೂ ಒಂದೊಂದು ಕೋಣೆ. ಹಿಂಭಾಗದ ಕೋಣೆಗೆ 'ಜೀವಿಗಳ ಮೂಲೆ' ಅಂತ ಹೆಸರು, ಸೋವಿಯತ್ ಕಾಲದಿಂದ. ಗಂಡ ತೀರಿಹೋದ ವರ್ಷ ಅಲ್ಲಿ ಕಸ ಗುಡಿಸಲು ಸೇರಿದ ಜೆಬಿನಿಸೊ ಬರಬರುತ್ತಾ ಆ ಕೋಣೆಗೇ ಮೀಸಲಾದಳು. ಮೊಲ ಹೋದವು, ಗಿಳಿ ಹೋದವು, ಆಮೆಯನ್ನು ಯಾರೋ ಸಚಿವಾಲಯದವರು ಮಗಳ ಹುಟ್ಟುಹಬ್ಬಕ್ಕೆ ಕೇಳಿ ಒಯ್ದರು. ಉಳಿದದ್ದು ಗಾಜಿನ ಪೆಟ್ಟಿಗೆಗಳಲ್ಲಿ ನಾಲ್ಕಾರು ಚುಕ್ಕೆ ಹಲ್ಲಿ, ಮತ್ತೆ ಗಂಟಲಿಗೆ ಮುಳ್ಳುಮುಳ್ಳು ಗಡ್ಡ ಇರುವ ಒಂದು ದೊಡ್ಡ ಓತಿಕ್ಯಾತ. ಅದಕ್ಕೆ ಮಕ್ಕಳು ಬೊಬೊಯ್ ಅಂತ, ಅಂದರೆ ಅಜ್ಜ ಅಂತ, ಹೆಸರಿಟ್ಟಿದ್ದರು.

ಕಲಾಮನೆಯ ನಿರ್ದೇಶಕ ಅವಾಜ್ ನಾರ್ಮತೊವಿಚ್‌ಗೆ ಆ ಕೋಣೆಯ ಮೇಲೆ ಕಣ್ಣು. ಗಾಳಿಯಲ್ಲಿ ಬೆರಳಾಡಿಸಿ ಮನಸ್ಸಿನಲ್ಲೇ ಅಬಾಕಸ್ ಮಣಿ ಸರಿಸಿ ಲೆಕ್ಕ ಮಾಡುವುದನ್ನು ಕಲಿಸುವ ಕೋರ್ಸಿನವರು ಬಾಡಿಗೆಗೆ ಕೇಳುತ್ತಿದ್ದರು. ಕಣ್ಣು ಮುಚ್ಚಿ ಕೋಟಿ ಕೂಡಿಸುವ ಮಕ್ಕಳು ಬೇಕಂತೆ ಈಗಿನ ತಂದೆತಾಯಿಗೆ. ಕಣ್ಣು ತೆರೆದು, ಈ ಹಲ್ಲಿಗೆ ರೆಪ್ಪೆ ಇದೆ ಆ ಹಲ್ಲಿಗೆ ಇಲ್ಲ ಅಂತ ನೋಡುವ ಮಗುವನ್ನು ಇಟ್ಟುಕೊಂಡು ಯಾರಿಗೆ ಏನಾಗಬೇಕು? ನಿರ್ದೇಶಕ ಮೇವಿನ ಖರ್ಚು ನಿಲ್ಲಿಸಿದ. ಜೆಬಿನಿಸೊ ಅವನ ಬಾಗಿಲಿಗೆ ಹೋಗಿ ನಿಂತಳು.

"ನೋಡಿ ಓಪಾ, ನಾನೇನು ಕಟುಕನಲ್ಲ," ಅಂದ ಅವನು, ಓಪಾ, ಅಂದರೆ ಅಕ್ಕ, ಅಂತ ಕರೆದರೂ ಫೋನಿನಿಂದ ಕಣ್ಣೆತ್ತದೆ. "ಮಾರ್ಚ್‌ನ ನವ್ರೋಜ್ ಹಬ್ಬದವರೆಗೆ ಹಲ್ಲಿಗಳು ಬದುಕಿದ್ರೆ ಕೋಣೆ ನಿಮ್ಮದೇ ಇರಲಿ. ಸತ್ರೆ ಮಾತ್ರ ನನ್ನ ಹತ್ರ ಬಂದು ಅಳಬಾರದು."

"ಏನು ತಿಂದು ಬದುಕಬೇಕು ಅವು?"

"ಅದು ನಿಮ್ಮ ಕೆಲಸ. ನಾನು ಜೀವಶಾಸ್ತ್ರ ಓದಿಲ್ಲ."

ಅವಳೂ ಓದಿರಲಿಲ್ಲ. ಚುಕ್ಕೆ ಹಲ್ಲಿ ಕದಲದ್ದನ್ನು ಮೂಸುವುದೂ ಇಲ್ಲ, ಎದುರಿಗೆ ಹರಿದಾಡುವ ಹುಳ ಬೇಕು ಅನ್ನುವುದಷ್ಟೇ ಅವಳಿಗೆ ಗೊತ್ತು. ಅದಕ್ಕೇ ಹಕ್ಕಿ ಬಜಾರಿಗೆ ಹೋಗಿ ಮೀನು-ಹುಳ ಮಾರುವ ಮುದುಕ ವಿಸ್ಸಾರಿಯನ್ ಕಿಮ್‌ನನ್ನು ಹುಡುಕಿದಳು. ಅವನು ಕೊರಿಯನ್. ಹುಟ್ಟಿದ್ದು ಬೆಳೆದದ್ದು ಎಲ್ಲ ಇದೇ ತಾಷ್ಕೆಂಟಿನಲ್ಲಿ.

"ಮಿಡತೆ ಸಾಕೋನು ಊರು ಬಿಟ್ಟ," ಅಂದ ಕಿಮ್. "ಇನ್ನು ಚಳಿಗಾಲ ಪೂರ್ತಿ ಸಿಗಲ್ಲ. ನೀವೇ ಜಿರಲೆ ಹಾಕ್ಕೊಳ್ಳಿ." ಮೇಜಿನ ಕೆಳಗಿಂದ ಮೇಯನೇಸ್ ಬಕೆಟ್ಟೊಂದನ್ನು ಎಳೆದು ಮುಚ್ಚಳ ಸರಿಸಿದ. ಒಳಗೆ ಕಪ್ಪುಕಂದು ಬಣ್ಣದ ಅಗಲ ಜೀವಗಳು ಒಂದರ ಮೇಲೊಂದು ನುಸುಳಿಕೊಂಡಿದ್ದವು. ಗಂಡಿಗೆ ರೆಕ್ಕೆ. ಹೆಣ್ಣಿಗೆ ಹೆಗಲ ಮೇಲೆ ಹರಕು ತೇಪೆಯಷ್ಟು.

"ಅಡುಗೆಮನೆ ಜಿರಲೆ ಅಲ್ಲ ಓಪಾ, ಹೆದರಬೇಡಿ. ಅರ್ಜೆಂಟೀನಾದ್ದು. ನುಣುಪು ಗೋಡೆ ಹತ್ತಕ್ಕೆ ಬರಲ್ಲ ಇವಕ್ಕೆ. ಆಳದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ಮೊಟ್ಟೆ ಟ್ರೇ ಇರ್ತಾವಲ್ಲ, ರಟ್ಟಿನವು, ಅವನ್ನ ನಿಲ್ಲಿಸಿ ಇಡಿ, ಮಲಗಿಸಬೇಡಿ. ಹಿಕ್ಕೆ ಕೆಳಗೆ ಉದುರಬೇಕು. ಕತ್ತಲೆ ಇರಲಿ, ಕೆಳಗಿಂದ ಬಿಸಿ ಇರಲಿ, ಹಸುಗೂಸಿನ ಮೈ ಇದ್ದಂಗೆ. ನೀರಿನ ಬಟ್ಟಲು ಬೇಡ, ಮರಿ ಮುಳುಗಿ ಸಾಯ್ತಾವೆ. ಗಜ್ಜರಿ ಸಿಪ್ಪೆ, ಕುಂಬಳದ ತಿರುಳು. ಒಣ ತೌಡು. ಒದ್ದೆ ತಿಂಡಿ ಹಾಕಿ ಬೂಷ್ಟು ಹಿಡಿಸಿದ್ರೋ, ಹಿಂಡಿಗೆ ಹಿಂಡೇ ಮಲಗುತ್ತೆ."

"ಎಷ್ಟು ದಿನಕ್ಕೆ ಹಲ್ಲಿಗೆ ಹಾಕಬಹುದು?"

ಕಿಮ್ ನಕ್ಕ. "ಬೀಜದ ಗೋಧಿ ಬೀಸಿ ತಿಂತಾರಾ ಯಾರಾದ್ರೂ? ಮರಿ ಹುಟ್ಟಬೇಕು, ಮರಿ ಬೆಳೀಬೇಕು, ಹಿಂಡು ತಾನಾಗೇ ಉಕ್ಕಬೇಕು. ಅಲ್ಲೀತನಕ ಹೆಣ್ಣು ಮುಟ್ಟಬಾರದು. ಹೆಚ್ಚಾಗಿರೋ ಗಂಡು ಬೇಕಾದ್ರೆ ಕೊಡಿ. ಜಿರಲೆ ಸಾಕೋದು ಅಂದ್ರೆ ಕಾಯೋದು. ನಿಮಗೆ ಬರುತ್ತಾ ಅದು?"

"ಬರಲ್ಲ," ಅಂದಳು ಜೆಬಿನಿಸೊ. ಬಕೆಟ್ ಎತ್ತಿಕೊಂಡಳು.

ಕಿಟಕಿ ಗಾಜು ಒಡೆದಿದ್ದ ಕಲಾಮನೆಯ ಕೋಣೆ ಸಂಜೆಯಾದರೆ ಹೆಪ್ಪುಗಟ್ಟುತ್ತಿತ್ತು. ಹಲ್ಲಿಗಳಿಗೆ ಹಗಲು ದೀಪದ ಶಾಖ ಸಾಕು, ಇರುಳು ಮರಗಟ್ಟಿ ಮಲಗಿ ತಡೆದುಕೊಳ್ಳುತ್ತವೆ. ಮರಿ ಹಾಕಬೇಕಾದ ಜಿರಲೆ ತಡೆಯುವುದಿಲ್ಲ. ಹಾಗಾಗಿ ಡಬ್ಬ ಮನೆಗೇ ಬಂತು. ಮನೆ ಅತ್ತೆಯದು. ಮುಚ್ಚಿಡುವುದು ಜೆಬಿನಿಸೊಗೆ ಬಾರದು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಸಬಾಹತ್ ಬುವಿ ಡಬ್ಬದೊಳಗೆ ಇಣುಕಿದರು. "ಲೋಕದವರ ಸೊಸೆಯಂದಿರು ಜಿರಲೆ ಓಡಿಸೋ ಔಷಧಿ ತರ್ತಾರೆ. ನನ್ನ ಸೊಸೆ ಜಿರಲೆ ತಂದಿದ್ದಾಳೆ, ಬಕೆಟ್ಟಲ್ಲಿ. ಆಯ್ತು, ಇಟ್ಕೊ. ಆದ್ರೆ ಒಂದೇ ಒಂದು ನನ್ನ ಹಾಸಿಗೆಗೆ ಬಂತೋ, ನಿನ್ನನ್ನೇ ಎತ್ತಿ ಆ ಗಡ್ಡದವನ ಬಾಯಿಗೆ ಹಾಕ್ತೀನಿ."

ಒಂದು ವಾರ ಕಳೆಯಲಿಲ್ಲ, ಬುವಿಯ ಕಾಲುಗಳು ಡಬ್ಬದ ಪಕ್ಕಕ್ಕೇ ಬಂದವು. ಅಡಿಯಲ್ಲಿಟ್ಟ ಕರೆಂಟಿನ ಬಿಸಿಪಟ್ಟಿಯ ಶಾಖ ಮುದುಕಿಯ ಕೀಲುಗಳಿಗೆ ಹಿತವಾಗಿತ್ತು. "ಇವು ನಿನಗಿಂತ ವಾಸಿ ಕಣೇ," ಅನ್ನುವರು, "ಕರೆದಾಗ ಬರಲ್ಲ, ಆದ್ರೆ ಒಂದೇ ಕಡೆ ಇರ್ತಾವೆ."

ಆದರೆ ಮರಿ ಎಲ್ಲಿ? ಡಿಸೆಂಬರ್ ಬಂತು, ಹೊಸ ವರ್ಷದ ಮರಗಳಿಗೆ ದೀಪ ಹಚ್ಚಿದರು, ಡಬ್ಬದಲ್ಲಿ ಅದೇ ದೊಡ್ಡವು, ಅದೇ ಗುಸುಗುಸು. ಅತ್ತ ಕಲಾಮನೆಯಲ್ಲಿ ಚುಕ್ಕೆ ಹಲ್ಲಿಗಳ ಬಾಲ ದಿನದಿನಕ್ಕೆ ಸೊರಗುತ್ತಿತ್ತು. ಆ ಹಲ್ಲಿಗಳ ಉಗ್ರಾಣ ಇರುವುದೇ ಬಾಲದಲ್ಲಿ. ಹೆಬ್ಬೆರಳಿನಷ್ಟು ದಪ್ಪ ಇದ್ದದ್ದು ಪೆನ್ಸಿಲಿನಂತಾಗಿತ್ತು. ಹೆಚ್ಚಾದ ಗಂಡು ಜಿರಲೆಗಳನ್ನು ಒಂದೊಂದಾಗಿ ಹಾಕಿ ಮುಗಿಸಿದಳು. ಬೊಬೊಯ್ ಎಲೆಕೋಸು ಮೆಲ್ಲುತ್ತಾ, ಇದೂ ಒಂದು ಊಟವಾ ಅನ್ನುವ ಹಾಗೆ ಅವಳನ್ನು ದುರುಗುಟ್ಟುತ್ತಿತ್ತು.

ಈ ಊರಿನ ಹೆಂಗಸು ಮಾತ್ರ ಮಾಡಬಹುದಾದ ತಪ್ಪು ಅವಳು ಮಾಡಿದ್ದು ಆಗಲೇ. ಬಸುರಿ ಸೊಸೆಗೆ, ಬಾಣಂತಿಗೆ ಇಲ್ಲಿ ಒಣ ತೌಡು ಯಾರು ಕೊಡುತ್ತಾರೆ? ಮೆತ್ತಗೆ ಮಾಡಿ, ಬೆಣ್ಣೆ ಹಾಕಿ, ಹಾಲಲ್ಲಿ ನೆನೆಸಿ ತುತ್ತು ಬಾಯಿಗಿಡುತ್ತಾರೆ. ಡಬ್ಬದ ಹೆಣ್ಣುಗಳೂ ಬಸುರಿಯರೇ ತಾನೆ, ಹೊಟ್ಟೆಯಲ್ಲೇ ಮರಿ ಹೊರುವ ಜಾತಿ ತಾನೆ, ಚೆನ್ನಾಗಿ ತಿಂದರೆ ಬೇಗ ಹೆರುತ್ತವೆ ಅಂತ ಅವಳ ಲೆಕ್ಕ. ಕಿಮ್ ಹೇಳಿದ್ದು ನೆನಪಿತ್ತು. ನೆನಪಿದ್ದೂ ಕೈ ಸುಮ್ಮನಿರಲಿಲ್ಲ.

ಮನೆಗಳ ಹಿಂದಿನ ಅಂಗಳದಲ್ಲಿ, ಕಸದ ತೊಟ್ಟಿಯ ಪಕ್ಕದ ಗೋಡೆಗೆ, ಕೊಕ್ಕೆಗಳಿವೆ. ಒಣಗಿದ ರೊಟ್ಟಿಯನ್ನು ಇಲ್ಲಿ ಯಾರೂ ಕಸಕ್ಕೆ ಹಾಕುವುದಿಲ್ಲ. ಚೀಲಕ್ಕೆ ತುಂಬಿ ಕೊಕ್ಕೆಗೆ ನೇತುಹಾಕುತ್ತಾರೆ, ಹಾಲಿನವಳು ಹಸುವಿಗೆ ಒಯ್ಯುತ್ತಾಳೆ. ಕೆಳಗೆ ಬಿದ್ದ ಚೂರನ್ನೂ ಎತ್ತಿ, ಮುತ್ತಿಟ್ಟು, ಹಣೆಗೆ ಮುಟ್ಟಿಸಿ, ಹಕ್ಕಿಗೆ ಸಿಗುವಂತೆ ಎತ್ತರದಲ್ಲಿಡುತ್ತಾರೆ. ಜೆಬಿನಿಸೊ ಹೋಗಿ ಒಂದು ಚೀಲ ಬಿಚ್ಚಿಕೊಂಡು ಬಂದಳು. ಹಾಲಲ್ಲಿ ನೆನೆಸಿ ಡಬ್ಬಕ್ಕೆ ಹಾಕಿದಳು. ಜಿರಲೆಗಳು ಮುತ್ತಿಕೊಂಡು ತಿಂದವು. ಅವಳಿಗೆ ಎಷ್ಟೋ ದಿನದ ಮೇಲೆ ಸಮಾಧಾನದ ಉಸಿರು ಬಂತು. ಮಾರನೇ ದಿನವೂ ಹಾಕಿದಳು. ಅದರ ಮಾರನೇ ದಿನವೂ.

ಜನವರಿಯಲ್ಲಿ, ಹಿರಿಯರೂ ಕಂಡಿಲ್ಲ ಅಂದಂಥ ಚಳಿ ಊರ ಮೇಲೆ ಬಿತ್ತು. ಗ್ಯಾಸ್ ಒಲೆಯಲ್ಲಿ ನೀಲಿ ಎಳೆಯಷ್ಟೇ ಉಳಿಯಿತು, ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಬಿಸಿಪಟ್ಟಿ ತಣ್ಣಗಾಯಿತು. ಜೆಬಿನಿಸೊ ರೊಟ್ಟಿ ಹಿಟ್ಟನ್ನು ಉಬ್ಬಲಿಡುವ ಹಾಗೆ ಡಬ್ಬವನ್ನು ಹತ್ತಿಯ ರಜಾಯಿಯಲ್ಲಿ ಸುತ್ತಿ, ನಡುವೆ ಬಿಸಿನೀರಿನ ಬಾಟಲಿ ತುರುಕಿ, ತಾನೂ ಅದಕ್ಕೊರಗಿ ಕೂತಳು. ಬಾಟಲಿ ತಣಿದರೆ ಏಳು, ನೀರು ಕಾಸು, ತುರುಕು, ಕೂರು, ಏಳು. ರಜಾಯಿಯೊಳಗೆ ಗಾಳಿಯಾಡದೆ ಹಾಲಿನ ರೊಟ್ಟಿ ಬೂಷ್ಟು ಹಿಡಿಯಿತು. ಹುಳಿಹುಳಿ ನಾತ ಮೊದಲು ಬಡಿದದ್ದು ಬುವಿಯ ಮೂಗಿಗೆ.

ಸೊಸೆ ಕೆಲಸಕ್ಕೆ ಹೋಗಿದ್ದ ಹಗಲು, ಬುವಿ ರಜಾಯಿ ಬಿಚ್ಚಿ ಮುಚ್ಚಳ ತೆಗೆದರು. ಹಸಿರು ಬೂಷ್ಟಿನ ರೊಟ್ಟಿ, ಅದರ ಮೇಲೆ ಓಡಾಡುವ ಕಾಲುಗಳು, ಹಿಕ್ಕೆ. ಪಕ್ಕದಲ್ಲಿ ಅಂಗಾತ ಬಿದ್ದ ಕೆಲವು ಸತ್ತ ಜಿರಲೆ.

ಜೆಬಿನಿಸೊ ಬಂದಾಗ ಬುವಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಡಬ್ಬ ತೊಳೆದಳು, ಟ್ರೇ ಬದಲಿಸಿದಳು, ಬದುಕಿದ್ದನ್ನೆಲ್ಲ ಒರೆಸಿ ಒಳಗೆ ಬಿಟ್ಟಳು, ಚಹಾ ಮಾಡಿ, ರೊಟ್ಟಿ ಮುರಿದು ಅತ್ತೆಯ ಮುಂದೆ ಹಿಡಿದಳು. ಬುವಿ ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ. ತಾವೇ ಬಾಗಿ ಇನ್ನೊಂದು ರೊಟ್ಟಿಯಿಂದ ತುಂಡು ಮುರಿದುಕೊಂಡರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಬುವಿ ಇನ್ನೂ ಚಿಕ್ಕ ಹುಡುಗಿ. ರೇಷನ್ ಚೀಟಿ ಕೊಟ್ಟು ಸಾಲಿನಲ್ಲಿ ನಿಂತು ತಂದ ಕಪ್ಪು ರೊಟ್ಟಿಯನ್ನು ಅವರ ತಾಯಿ ದಾರದಿಂದ ಕತ್ತರಿಸುತ್ತಿದ್ದಳಂತೆ, ಚಾಕುವಿಗೆ ಚೂರು ಅಂಟಿ ಹೋಗುತ್ತದೆ ಅಂತ. ಬಟ್ಟೆ ಮೇಲೆ ಉದುರಿದ್ದನ್ನು ಬೆರಳು ಒದ್ದೆ ಮಾಡಿ ಒತ್ತಿ ನೆಕ್ಕುತ್ತಿದ್ದರಂತೆ. ಆ ಸಾಲಿನಲ್ಲಿ ನಿಂತವಳ ಸಿಟ್ಟಿಗೆ ತಲೆಬಾಗಲೇಬೇಕು. ಆದರೆ ರೊಟ್ಟಿಯ ಹೆಸರು ಹೇಳಿಕೊಂಡು ಸಿಟ್ಟಾಗುವವರೆಲ್ಲ ಆ ಸಾಲಿನಲ್ಲಿ ನಿಂತವರಲ್ಲ.

ಮೊಹಲ್ಲಾ ಸಮಿತಿಯ ಮವ್ಜುದಾ ಓಪಾ ಕೊಕ್ಕೆಯಿಂದ ಚೀಲ ಮಾಯವಾಗುವುದನ್ನು ಕಿಟಕಿಯಿಂದ ನೋಡಿದ್ದಳು. ಹಾಲಿನವಳೂ ದೂರಿದ್ದಳು. ಉಳಿದ ಅರ್ಧ ಕಥೆಯನ್ನು ಮೆಟ್ಟಿಲ ಮೇಲೆ ಕೂರುವ ಹೆಂಗಸರು ಪೂರ್ತಿ ಮಾಡಿದರು. ಹಸುವಿನ ರೊಟ್ಟಿ ಕದ್ದು ಜಿರಲೆಗೆ ಹಾಕ್ತಾಳಂತೆ, ಅದಕ್ಕೇ ಈ ಚಳಿ, ಅದಕ್ಕೇ ಗ್ಯಾಸಿಲ್ಲ! ಗ್ಯಾಸು ಯಾಕಿಲ್ಲ ಅಂತ ಕೇಳಬೇಕಾದ ಬಾಗಿಲು ದೊಡ್ಡದು, ಅಲ್ಲಿ ಕಾವಲುಗಾರ ಇರುತ್ತಾನೆ. ಜೆಬಿನಿಸೊಳ ಬಾಗಿಲು ಸಣ್ಣದು, ಯಾರು ಬೇಕಾದರೂ ತಟ್ಟಬಹುದು.

ತಟ್ಟಿದರು. ಮವ್ಜುದಾ, ಹಿಂದೆ ಇನ್ನಿಬ್ಬರು ಹೆಂಗಸರು. ಮೇಲಂಗಿ ಕಳಚದೆ ಒಳಗೆ ಬಂದು, ಬುವಿಗೆ ಬಾಗಿ ಸಲಾಂ ಹೇಳಿ, ಡಬ್ಬದ ಕಡೆ ಮೂಗು ಮುಚ್ಚಿಕೊಂಡು ನಿಂತರು.

"ಬುವಿ, ನಿಮ್ಮ ಮುಖ ನೋಡಿ ಇಷ್ಟು ದಿನ ಸುಮ್ಮನಿದ್ವಿ," ಅಂದಳು ಮವ್ಜುದಾ. "ರೊಟ್ಟಿ ವಿಷಯ. ಮೊಹಲ್ಲಾದಲ್ಲಿ ಚಿಕ್ಕ ಮಕ್ಕಳಿದ್ದಾರೆ, ಬಸುರಿಯರಿದ್ದಾರೆ. ಈ ಹೇಸಿಗೆ ಇಲ್ಲಿಂದ ಹೋಗಬೇಕು."

"ಹೇಸಿಗೆ ಅಲ್ಲ," ಅಂದಳು ಜೆಬಿನಿಸೊ. "ನಿಮ್ಮ ಮೊಮ್ಮಗನೇ ಬೊಬೊಯ್ ನೋಡಕ್ಕೆ ಬರ್ತಿದ್ದ ಮವ್ಜುದಾ ಓಪಾ. ಇವಿಲ್ಲದಿದ್ರೆ ಹಲ್ಲಿಗಳು ಸಾಯ್ತಾವೆ, ಕೋಣೆ ಹೋಗುತ್ತೆ."

"ಹಲ್ಲಿ ಸತ್ರೆ ಸತ್ವು! ನನ್ನ ಮೊಮ್ಮಗ ಈಗ ಲೆಕ್ಕದ ಕೋರ್ಸಿಗೆ ಹೋಗ್ತಾನೆ. ಬುವಿ, ಮನೆ ನಿಮ್ಮದು, ಹಿರಿಯರು ನೀವು. ನೀವು ಹೇಳಿದ್ದೇ ಆಗಲಿ."

ಬುವಿ ಸೊಸೆಯ ಕಡೆ ತಿರುಗಿದರು. ಆ ನಾತದ ದಿನದಿಂದ ನೇರ ನೋಡಿದ್ದು ಅದೇ ಮೊದಲು.

"ರೊಟ್ಟಿ ಇಲ್ದೆ ಏನು ತಿಂತಾವೆ ಇವು?"

"ಗಜ್ಜರಿ ಸಿಪ್ಪೆ, ಕುಂಬಳ, ತೌಡು."

"ಅದೆಲ್ಲ ಮನೇಲಿತ್ತಾ?"

"ಇತ್ತು ಅಮ್ಮಾ."

"ಹಾಗಾದ್ರೆ ಒಂದು ಮಾತು ಹೇಳು. ಹಸಿದಿದ್ವು ಅಂತ ಕೊಟ್ಟೆಯಾ, ಕೊಬ್ಬಲಿ ಅಂತ ಕೊಟ್ಟೆಯಾ?"

ತಪ್ಪಿಸಿಕೊಳ್ಳಲಿ ಅಂತ ಬುವಿ ಬಾಗಿಲೊಂದನ್ನು ತೆರೆದು ಹಿಡಿದಿದ್ದರು, ಜೆಬಿನಿಸೊಗೆ ಅದು ಗೊತ್ತಾಯಿತು. ಚಳಿಯ ವಾರ ಇದ್ದದ್ದೆಲ್ಲ ಮುಗಿದಿತ್ತು, ಬಜಾರು ಮುಚ್ಚಿತ್ತು, ಹಸಿದಿದ್ದವು ಅಂದುಬಿಟ್ಟರೆ ಸಾಕು. ಹಸಿದದ್ದಕ್ಕೆ ಕೊಟ್ಟವರನ್ನು ಈ ಮುದುಕಿ ಯಾವತ್ತೂ ದೂರುವವರಲ್ಲ. ಡಬ್ಬ ಉಳಿಯುತ್ತದೆ. ನಾಲಗೆ ತುದಿಯವರೆಗೂ ಬಂತು ಆ ಮಾತು.

"ಕೊಬ್ಬಲಿ ಅಂತ," ಅಂದಳು. "ಬೇಗ ಮರಿ ಹಾಕಲಿ ಅಂತ. ಕಾಯಕ್ಕಾಗಲಿಲ್ಲ ನನ್ನ ಕೈಲಿ."

ಮವ್ಜುದಾ ಅತ್ತಿತ್ತ ನೋಡಿ ತಲೆದೂಗಿದಳು, ಕೇಳಿದಿರಾ ಅನ್ನುವ ಹಾಗೆ.

"ಹಸು ತಿಂದ್ರೆ ಬಾಯಲ್ಲಿ ತಿನ್ನುತ್ತೆ, ಹಕ್ಕಿ ಕೊಕ್ಕಲ್ಲಿ," ಅಂದರು ಬುವಿ ನಿಧಾನವಾಗಿ. "ಇವು ರೊಟ್ಟಿ ಮೇಲೆ ನಡೀತಾವೆ. ತುಳಿಯೋ ರೊಟ್ಟಿ ನನ್ನ ಮನೇಲಿರಬಾರದು. ಡಬ್ಬ ಇವತ್ತೇ ಹೋಗಲಿ."

"ನೋಡಿ, ಹಿರಿಯರು ಅಂದ್ರೆ ಹೀಗಿರಬೇಕು," ಅಂತ ಮವ್ಜುದಾ ಬಾಗಿಲ ಕಡೆ ಹೊರಟಳು.

"ನೀನೆಲ್ಲಿಗೆ? ಕೂತ್ಕೊ. ನಿನ್ನ ಮಗನ ಮದುವೆ ದಿನ ನಾನು ಕೂತಿದ್ದ ಮೇಜಿನ ಮೇಲೆ ಮುರಿದು ಬಿಟ್ಟ ರೊಟ್ಟಿ ಎಷ್ಟಿತ್ತು ಗೊತ್ತಾ ನಿನಗೆ? ಅದರ ಮೇಲೆ ಯಾರೋ ಸಿಗರೇಟು ಆರಿಸಿದ್ದ."

"ಅದೆಲ್ಲ ಹಸುವಿಗೇ ಹೋಯ್ತಲ್ಲ ಬುವಿ..."

"ಸಿಗರೇಟೂ ಹಸುವಿಗೇ ಹೋಯ್ತಾ?"

ಹಿಂದಿದ್ದ ಒಬ್ಬಳು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡಳು. ಚೀಲ ಕೊಕ್ಕೆಗೆ ಹಾಕಿದರೆ ಮುಗಿಯಿತು, ಕೈ ತೊಳೆದ ಹಾಗೆ ಅಂದುಕೊಂಡವರ ಊರು ಇದು. ಬುವಿಯ ಎದುರು ಆ ಲೆಕ್ಕ ನಡೆಯಲಿಲ್ಲ. ಆದರೂ ತೀರ್ಪು ತೀರ್ಪೇ. ಜೆಬಿನಿಸೊ ಡಬ್ಬದ ಸುತ್ತಿನ ರಜಾಯಿ ಬಿಚ್ಚಲು ಬಾಗಿದಳು. ಅದು ಬುವಿಯದು, ಅವರ ಮದುವೆಯಲ್ಲಿ ತವರಿನಿಂದ ಬಂದದ್ದು.

"ಅದನ್ಯಾಕೆ ಬಿಚ್ತೀಯ?" ಅಂತ ಬುವಿ ರೇಗಿದರು. "ಹಾಗೇ ಸುತ್ಕೊಂಡು ಹೋಗು. ನನ್ನ ಸಿಟ್ಟು ರೊಟ್ಟಿದು. ಅವು ಚಳೀಲಿ ಸಾಯಲಿ ಅಂದೆನೇನೇ ನಾನು?"

ಬಸ್ಸಿನಲ್ಲಿ ಒಬ್ಬ ಯುವಕ ಎದ್ದು ಜಾಗ ಕೊಟ್ಟ. "ಮಲಗಿದೆಯಾ ಮಗು?" ಅಂತ ಮೆಲ್ಲಗೆ ಕೇಳಿದ. "ಇನ್ನೂ ಹುಟ್ಟಿಲ್ಲಪ್ಪ," ಅಂದಳು ಜೆಬಿನಿಸೊ. ಅವನು ಮುಂದಿನ ನಿಲ್ದಾಣದಲ್ಲೇ ಇಳಿದುಕೊಂಡ.

ಕಲಾಮನೆಯಲ್ಲಿ ಬಣ್ಣದ ಕಾಗದ ತುಂಬಿಡುತ್ತಿದ್ದ ಹಳೆಯ ಬೀರು ಇತ್ತು. ಅದನ್ನು ಖಾಲಿ ಮಾಡಿ, ಒಳಗೆ ಡಬ್ಬ, ಡಬ್ಬದ ಆಚೀಚೆ ಹಲ್ಲಿಗಳ ಪೆಟ್ಟಿಗೆ, ನಡುನಡುವೆ ಬಿಸಿನೀರಿನ ಬಾಟಲಿ ಇಟ್ಟು ಬಾಗಿಲಿಗೆ ರಜಾಯಿ ಹೊದಿಸಿದಳು. ಬೇಟೆಯೂ ಬೇಟೆಗಾರನೂ ಒಂದೇ ಹೊದಿಕೆಯಡಿ. ಬೆಳಗಾಗುವ ಮುಂಚೆ ಬಂದು, ಕತ್ತಲಾದ ಮೇಲೆ ಹೋಗುವಳು. ನೀರು ಕಾಸುವುದೇ ಕೆಲಸ. ಒಂದು ಬೆಳಿಗ್ಗೆ ಬೀರು ತೆರೆದಾಗ ಒಂದು ಚುಕ್ಕೆ ಹಲ್ಲಿ ಸತ್ತಿತ್ತು. ಬಾಲದಲ್ಲಿ ಏನೂ ಉಳಿದಿರಲಿಲ್ಲ, ಬರೀ ದಾರ.

ಆವತ್ತು ಅವಳ ಕೈ ಡಬ್ಬದೊಳಗೆ ಹೋಯಿತು. ಟ್ರೇಯ ಗುಳಿಯಿಂದ ಒಂದು ಹೆಣ್ಣನ್ನು ಹಿಡಿದೆತ್ತಿದಳು. ದಪ್ಪಗೆ, ತೂಕವಾಗಿ, ಅಂಗೈಯಲ್ಲಿ ಕಾಲು ಮುದುಡಿ ಕೂತಿತ್ತು. ಗಾಜಿನಾಚೆ ಇನ್ನೊಂದು ಹಲ್ಲಿ ತಲೆ ಎತ್ತಿ ರೆಪ್ಪೆ ಮಿಟುಕಿಸಿತು. ಎರಡನ್ನೂ ನೋಡಿದಳು. ಅದನ್ನು ಇದಕ್ಕೆ ಹಾಕಿದರೆ ಇವತ್ತು ಹಲ್ಲಿ ಉಳಿಯುತ್ತದೆ. ನಾಳೆ? ನಾಡಿದ್ದು? ಹೆಣ್ಣನ್ನು ಮರಳಿ ಟ್ರೇಯ ಮೇಲೆ ಬಿಟ್ಟಳು. ಬಿಟ್ಟ ಕೈಯನ್ನು ಕಂಕುಳಲ್ಲಿ ಸಿಗಿಸಿಕೊಂಡು ಕೋಣೆಯ ಉದ್ದಗಲ ಅಳೆದಳು, ಆ ಕೈ ತನ್ನ ಮಾತು ಕೇಳುತ್ತದೆ ಅನ್ನುವ ನಂಬಿಕೆ ಇಲ್ಲದವಳಂತೆ.

ಚಳಿ ಮುರಿದು, ಕರೆಂಟು ನಿಂತು ನಿಂತು ಬರತೊಡಗಿದ ವಾರ, ಗಜ್ಜರಿ ಸಿಪ್ಪೆ ಹಾಕಲು ಟ್ರೇ ಸರಿಸಿದಳು. ಕೆಳಗಿನ ತೌಡು ಕದಲುತ್ತಿತ್ತು. ಕಣ್ಣಿಗೆ ಹತ್ತಿರ ತಂದು ನೋಡಿದಳು. ಮಸೂರ್ ಬೇಳೆಯಷ್ಟಷ್ಟೇ ಮರಿಗಳು. ಕೆಲವು ಈಗಷ್ಟೇ ಹುಟ್ಟಿ ಅಕ್ಕಿಯಂತೆ ಬೆಳ್ಳಗಿದ್ದವು.

ಕಿಮ್‌ಗೆ ಫೋನು ಮಾಡಿದಳು. ಮಾತು ಬರುವ ಮುಂಚೆ ಅಳು ಬಂತು.

"ಏನಾಯ್ತು, ಎಲ್ಲ ಸತ್ವಾ?" ಅಂದ ಕಿಮ್.

"ಹುಟ್ಟಿದ್ವು."

"ಮತ್ತೆ ಅಳ್ತೀರಲ್ಲ! ಮುಟ್ಟಬೇಡಿ, ದೊಡ್ಡವಾಗಲಿ."

"ಹಲ್ಲಿಗಳು ಉಳಿಯಲ್ಲ ಕಿಮ್ ಅಣ್ಣಾ. ಒಂದು ಆಗ್ಲೇ ಹೋಯ್ತು."

ಅತ್ತ ಕಡೆ ಕೋಳಿ ಕೂಗು, ಬಜಾರಿನ ಗದ್ದಲ. "ಮರಿ ಒಂದೇ ಹೆಣ್ಣಿಂದಲ್ಲ, ಒಂದರ ಹಿಂದೆ ಒಂದು ಹಾಕ್ತಾವೆ ಈಗ," ಅಂದ ಕಿಮ್. "ತೀರಾ ಸೊರಗಿದ್ದಕ್ಕೆ ಒಂದೊಂದು ಚಿಟಿಕೆ ಹಾಕಿ. ಕೈ ಬಿಗಿ ಇರಲಿ. ಆಮೇಲೆ ನನಗೆ ಫೋನ್ ಮಾಡಿ ಇನ್ನೊಂದು ಚಿಟಿಕೆ ಕೇಳಬೇಡಿ. ನಾನು ಹೂಂ ಅಂದುಬಿಡ್ತೀನಿ."

ಮರಿ ಗಾಜಿನೊಳಗೆ ಬಿದ್ದು ಓಡಿತು. ಚುಕ್ಕೆ ಹಲ್ಲಿ ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಬಾಲದ ತುದಿ, ಆ ಸೊರಗಿದ ತುದಿ, ಸಣ್ಣಗೆ ಅಲುಗಿತು. ಮುಂದಿನದು ಕಣ್ಣಿಗೆ ಕಾಣುವಷ್ಟು ನಿಧಾನ ಇರಲಿಲ್ಲ.

ಆ ಸುದ್ದಿಯನ್ನು ಮನೆಯಲ್ಲಿ ಹೇಳಿದಳು. ಬುವಿ "ಹೂಂ" ಅಂದರು. ಚಹಾ ಬಗ್ಗಿಸಿ ಕೊಟ್ಟರು. ರೊಟ್ಟಿ ಮುರಿದು ಅವಳ ಪಾಲನ್ನು ಬಟ್ಟೆಯ ಮೇಲೆ ಇಟ್ಟರು, ಕೈಗೆ ಕೊಡಲಿಲ್ಲ. ಕುಂಬಳಕಾಯಿ ಹೆಚ್ಚುವಾಗ ಮಾತ್ರ ತಿರುಳನ್ನು ಕೆರೆದು ಒಂದು ಬಟ್ಟಲಿಗೆ ಹಾಕಿ ಅವಳ ಚೀಲದ ಪಕ್ಕ ತಳ್ಳಿದರು.

ನವ್ರೋಜ್‌ನ ಹಿಂದಿನ ದಿನ ಅವಾಜ್ ನಾರ್ಮತೊವಿಚ್ ಬಂದ. ಜೊತೆಗೆ ಲೆಕ್ಕದ ಕೋರ್ಸಿನ ಹೆಂಗಸು, ಎತ್ತರದ ಹಿಮ್ಮಡಿಯ ಬೂಟು, ಕೈಯಲ್ಲಿ ಅಳತೆ ಟೇಪು. ಜೆಬಿನಿಸೊ ಬಾಗಿಲಲ್ಲೇ ಇದ್ದಳು.

"ಹಬ್ಬದ ಶುಭಾಶಯ ಓಪಾ," ಅಂದ ನಿರ್ದೇಶಕ, ಅವಳ ಭುಜದ ಮೇಲಿಂದ ಒಳಗೆ ಇಣುಕುತ್ತಾ. "ಸುಮ್ಮನೆ ಕಿಟಕಿ ಅಗಲ ನೋಡಿ ಹೋಗ್ತಾರೆ, ಅಷ್ಟೇ."

"ಮೊದಲು ನೀವು ನೋಡಿ," ಅಂದಳು ಜೆಬಿನಿಸೊ. ದಾರಿ ಬಿಟ್ಟಳು.

ದೀಪದಡಿ ಕಲ್ಲಿನ ಮೇಲೆ ಬೊಬೊಯ್ ಗಡ್ಡ ಉಬ್ಬಿಸಿ ಕೂತಿತ್ತು. ಪಕ್ಕದ ಪೆಟ್ಟಿಗೆಗಳಲ್ಲಿ ಚುಕ್ಕೆ ಹಲ್ಲಿಗಳು. ನಿರ್ದೇಶಕ ಒಂದೊಂದು ಗಾಜಿಗೂ ಬೆರಳಿಂದ ತಟ್ಟಿದ. ಒಂದು ಪೆಟ್ಟಿಗೆ ಖಾಲಿಯಿತ್ತು. ಅಲ್ಲಿ ನಿಂತ.

"ಇದು?"

"ಸತ್ತಿತು. ಅದೊಂದೇ."

"ಮತ್ತೆ, ಬದುಕಿದ್ರೆ ಅಂದಿದ್ದೆ ನಾನು..."

"ಸತ್ರೆ ಕೋಣೆ ಹೋಗುತ್ತೆ ಅಂದ್ರಿ. ಸತ್ತಿದ್ದರ ಪೆಟ್ಟಿಗೆ ಬೇಕಾದ್ರೆ ತಗೊಂಡು ಹೋಗಿ. ಅದರಲ್ಲಿ ಕೋರ್ಸು ನಡೆಸಿ."

ಹಿಮ್ಮಡಿಯ ಹೆಂಗಸಿಗೆ ನಗು ತಡೆಯಲಿಲ್ಲ. ನಿರ್ದೇಶಕನಿಗೆ ಬೆವರಿತು. ಹೊರಗೆ ಇನ್ನೂ ಚಳಿ ಪೂರ್ತಿ ಬಿಟ್ಟಿರದ ಕಾಲ ಅದು.

"ಓಪಾ, ನಿಜ ಹೇಳ್ಲಾ?" ಅಂದ, ದನಿ ತಗ್ಗಿಸಿ. "ಸಾಯ್ತಾವೆ ಅಂತಾನೇ ಮಾತು ಕೊಟ್ಟಿದ್ದೆ ನಾನು."

"ಗೊತ್ತು. ಎಲ್ರೂ ಹಾಗೇ ಕೊಡೋದು." ಅವಳು ಬೀರು ತೆರೆದು, ಡಬ್ಬದಿಂದ ಎಳೆಯ ಜಿರಲೆಯೊಂದನ್ನು ಚಿಮಟದಲ್ಲಿ ಹಿಡಿದು ಬೊಬೊಯ್ ಎದುರು ಒಡ್ಡಿದಳು. ನಾಲಗೆ ಚಾಚಿತು, ಬಾಯಿ ಮುಚ್ಚಿತು. ಕೋರ್ಸಿನ ಹೆಂಗಸು "ಅಯ್ಯೋ ಉಮ್ಮಾ" ಅಂದವಳು, ಇನ್ನೊಂದು ಸಲ ಮಾಡಿ ತೋರಿಸಿ ಅಂತ ಕೇಳಿದಳು.

"ಇಲ್ಲ," ಅಂದಳು ಜೆಬಿನಿಸೊ. "ಇವತ್ತಿಗೆ ಇಷ್ಟೇ."

ನಿರ್ದೇಶಕ ಹೆಂಗಸಿನ ಕೈಯಿಂದ ಟೇಪು ತೆಗೆದುಕೊಂಡು ಸುತ್ತಿ ಮರಳಿ ಕೊಟ್ಟ. "ಹಾಡಿನ ಕೋಣೆ ತೋರಿಸ್ತೀನಿ ಬನ್ನಿ, ಅದೇ ದೊಡ್ಡದು." ಬಾಗಿಲಲ್ಲಿ ತಿರುಗಿದ. "ಸೆಪ್ಟೆಂಬರ್‌ವರೆಗೆ ಇರಲಿ. ಆಮೇಲೆ ನೋಡೋಣ."

ಅವಳು ಕೃತಜ್ಞತೆ ಹೇಳಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡದ್ದಕ್ಕೆ ಯಾರಾದರೂ ಉಪಕಾರ ಸ್ಮರಿಸುತ್ತಾರಾ? "ಸೆಪ್ಟೆಂಬರ್‌ಗೆ ಮುಂಚೆ ಆ ಕಿಟಕಿ ಗಾಜು ಹಾಕ್ಸಿ," ಅಂದಳು. "ಮತ್ತೆ ಹೀಟರ್ ಬೇಕು, ನಿಮ್ಮ ಕೋಣೇಲಿ ಎರಡಿದಾವಲ್ಲ."

ಅವನು ಹೋದ ಮೇಲೆ ಹೊರಗೆ ಹಬ್ಬದ ಡೋಲು ಕೇಳಿಸತೊಡಗಿತು. ಕಲಾಮನೆಯ ಕಾವಲುಗಾರ ಬಂದು, ಸುಮಲಕ್ ಪಾಯಸದ ಹಂಡೆ ಒಲೆ ಮೇಲಿದೆ, ಎಲ್ಲರೂ ಸೇರಿದ್ದಾರೆ, ಬಾ ಓಪಾ, ಒಂದು ಗಳಿಗೆ ಕೂತು ಬಾ ಅಂತ ಕರೆದ. ಬರ್ತೀನಿ ಅಂದಳು. ಸೆಪ್ಟೆಂಬರ್ ಅಂದರೆ ಎಷ್ಟು ದೂರ, ಒಂದೇ ಡಬ್ಬವನ್ನು ನಂಬಿ ಕೂತರೆ ಮತ್ತೆ ಬೂಷ್ಟು ಹಿಡಿದರೆ ಗತಿ ಏನು? ಕೈ ಆಗಲೇ ಎರಡನೇ ಡಬ್ಬ ಒರೆಸುತ್ತಿತ್ತು. ಟ್ರೇಗಳನ್ನು ಎತ್ತಿ, ಹೆಣ್ಣುಗಳನ್ನು ಅರ್ಧರ್ಧ ಬೇರ್ಪಡಿಸಿ, ಬಲಿಯುತ್ತಿದ್ದ ಮರಿಗಳಲ್ಲಿ ರೆಕ್ಕೆ ಮೂಡುವ ಗಂಡು ಯಾವುದು ಅಂತ ಬೆಳಕಿಗೆ ಹಿಡಿದು ಹುಡುಕತೊಡಗಿದಳು.